ಪ್ರಶ್ನೋತ್ತರ ವೇಳೆಯಲ್ಲಿ ನಮ್ಮ ಬೀದಿಯ ಮೋರಿ

ಆ ದಿನವೂ ಬೆಳಗಾದದ್ದು ಅವರೆಬೇಳೆ ಹಿತುಕುವುದರಿಂದಲೇ. ಅವರೆಕಾಯಿ ಕಾಲದಲ್ಲಿ ನಮ್ಮ ಕಡೆಯ ಮನೆಗಳಿಗೆ ಬೇರೆ ಕಸುಬೇ ಇರುವುದಿಲ್ಲ. ರಾತ್ರಿ ನೆನೆಹಾಕಿದ ಕಾಳು ಬೆಳಗಿನ ಹೊತ್ತಿಗೆ ಉಬ್ಬಿಕೊಂಡಿರುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಬೇಳೆ ಪುಳಕ್ಕನೆ ಹಾರಿ, ಪಾತ್ರೆಯೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆ ಬೀಳುತ್ತದೆ. ಒಂದು ಹೋಗಿ ನಮ್ಮ ಯಜಮಾನರ ಶೇವಿಂಗ್ ಮಗ್ಗಿನೊಳಗೆ ಬಿತ್ತು. ಅವರು ಅದನ್ನು ಬ್ರಶ್ಶಿನ ತುದಿಯಿಂದ ಎತ್ತಿ ತೋರಿಸಿ, "ವಿಧಾನಸೌಧಕ್ಕೆ ಹೋಗೋರು ಇವತ್ತಾದರೂ ಸ್ವಲ್ಪ ಗುರಿ ನೋಡಿ ಹಿತುಕಬಾರದೆ?" ಎಂದರು.

ನನ್ನ ಯೋಚನೆಯೆಲ್ಲ ಬೆರಳಿನ ವಾಸನೆಯ ಮೇಲಿತ್ತು. ಅವರೆಯ ಸೊಗಡು ಸಾರಿನಲ್ಲಿದ್ದರೆ ಚೆನ್ನ, ಕೈಗೆ ಹತ್ತಿದರೆ ಎರಡು ಸಲ ಸೋಪು ಹಾಕಿದರೂ ಬಿಡುವುದಿಲ್ಲ. ಮಂತ್ರಿಗಳು ಕೂರುವ ಕಡೆಗೆ ಅವರೆಕಾಯಿ ವಾಸನೆ ಹೊತ್ತುಕೊಂಡು ಹೋಗುವುದು ಹೇಗೆ ಎಂದು ನಿಂಬೆಹಣ್ಣಿನ ಸಿಪ್ಪೆ ಉಜ್ಜಿದೆ, ಪಾಂಡ್ಸ್ ಪೌಡರು ಸವರಿದೆ. ಕೊನೆಗೆ ನಿಂಬೆ, ಪೌಡರು, ಅವರೆ ಮೂರೂ ಸೇರಿ ಹೊಸದೊಂದು ವಾಸನೆ ಹುಟ್ಟಿತು. ಮಂತ್ರಿಗಳು ಕೆಳಗೆ ಕೂರುತ್ತಾರೆ, ನಾವು ಮೇಲಿನ ಗ್ಯಾಲರಿಯಲ್ಲಿ, ಅವರ ಮೂಗಿಗೂ ನನ್ನ ಬೆರಳಿಗೂ ಒಂದು ಮಹಡಿಯಷ್ಟು ದೂರ ಎನ್ನುವುದು ನನಗೆ ಹೊಳೆಯಲೇ ಇಲ್ಲ. ನಾಚಿಕೆಪಡಲು ಏನಾದರೊಂದು ಹುಡುಕಿಕೊಳ್ಳುವ ಸ್ವಭಾವ ನನಗೆ ಮೊದಲಿನಿಂದಲೂ ಇತ್ತು.

ಆಗ ನಾವಿದ್ದದ್ದು ವಿಜಯನಗರದ ಪಕ್ಕ, ಆರ್‌ಪಿಸಿ ಲೇಔಟ್ ಮುಗಿದು ಹೊಸ ಸೈಟುಗಳು ಶುರುವಾಗುವ ಅಂಚಿನಲ್ಲಿ. ಎಂಬತ್ತರ ದಶಕದ ಮಾತು. ನಮ್ಮ ಬೀದಿಗೂ ದೊಡ್ಡ ರಸ್ತೆಗೂ ನಡುವೆ ಅಗಲವಾದ ಚರಂಡಿಯೊಂದು ಹರಿಯುತ್ತಿತ್ತು. ಅದರ ಮೇಲೆ ಕಲ್ಲುಚಪ್ಪಡಿ ಹಾಸಿ ದಾರಿ ಮಾಡಿದ್ದರು. ನಮ್ಮ ಕಡೆ ಚರಂಡಿಗೂ ಮೋರಿ ಎನ್ನುತ್ತಾರೆ, ಚರಂಡಿ ದಾಟಿಸುವ ಈ ಚಪ್ಪಡಿ ದಾರಿಗೂ ಮೋರಿ ಎನ್ನುತ್ತಾರೆ. ಆ ವರ್ಷದ ಮಳೆಗೆ ಚಪ್ಪಡಿಗಳಲ್ಲಿ ಎರಡು ಒಳಗೆ ಕುಸಿದವು. ಮಿಕ್ಕದ್ದರ ಮೇಲೆ ಒಬ್ಬೊಬ್ಬರೇ ಸೀರೆ ಎತ್ತಿ ಹಿಡಿದು, ಸರ್ಕಸ್ಸಿನವರ ಹಾಗೆ ದಾಟಬೇಕಾಗಿತ್ತು. ಆಟೋದವರು ಆಚೆ ದಡದಲ್ಲೇ ನಿಲ್ಲಿಸಿ, "ಇಳ್ಕೊಳಿ ಅಕ್ಕ, ಇಲ್ಲಿಂದ ನಮ್ದಲ್ಲ" ಎನ್ನುತ್ತಿದ್ದರು.

ಎಲ್ಲರಿಗೂ ತೊಂದರೆಯೇ. ಆದರೆ ಎದುರು ಮನೆಯ ಪುಟ್ಟಲಕ್ಷ್ಮಮ್ಮನವರಿಗೆ ಅದು ಮಾನದ ಪ್ರಶ್ನೆಯಾಗಿತ್ತು. ಅವರ ಒಬ್ಬಳೇ ಮಗಳು ಗೀತಾಳನ್ನು ರಾಜಾಜಿನಗರಕ್ಕೆ ಕೊಟ್ಟಿದ್ದರು. ಅವಳಿಗೆ ಚೊಚ್ಚಲ ಬಸಿರು. ಚೊಚ್ಚಲ ಬಾಣಂತನ ತವರಲ್ಲಾಗಬೇಕು ಎನ್ನುವುದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೆ ದೀಪಾವಳಿಗೆ ಬಂದ ಬೀಗಿತ್ತಿ ಕುಸಿದ ಮೋರಿಯನ್ನು ಕಂಡು, ಅಲ್ಲೇ ನಿಂತು ಹೇಳಿದ್ದರು: "ಆಟೋ ಬಾಗಿಲಿಗೆ ಬರೋ ಹಾಗಾದ್ರೆ ಹುಡುಗೀನ ಕಳಿಸ್ತೀವಿ ಕಣ್ರೀ. ಹೊತ್ತಲ್ಲದ ಹೊತ್ತಲ್ಲಿ ನೋವು ಬಂದ್ರೆ ಇದರ ಮೇಲೆ ಎತ್ಕೊಂಡು ಹೋಗ್ತೀರಾ?" ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಪುಟ್ಟಲಕ್ಷ್ಮಮ್ಮನವರು ಮಾತ್ರ ಅಂದಿನಿಂದ ಆ ಮೋರಿಯನ್ನು ಬೀಗಿತ್ತಿಯ ತಮ್ಮನೋ ಏನೋ ಎನ್ನುವಂತೆ ದುರುಗುಟ್ಟಿ ನೋಡಿಯೇ ದಾಟುತ್ತಿದ್ದರು. ಮೂಲೆಯ ಕೋಣೆಗೆ ಸುಣ್ಣ ಹೊಡೆಸಿದರು. ಹಳೇ ಪಂಚೆಗಳನ್ನು ಒಗೆದು ಮಡಿಸಿಟ್ಟರು. ನೀಲಿ ಉಲ್ಲನ್ನಿನಲ್ಲಿ ಕುಲಾವಿ ಹೆಣೆಯಲು ಶುರು ಮಾಡಿದರು.

ಇಲ್ಲಿ ನನ್ನ ಪ್ರವೇಶವಾಗುತ್ತದೆ. ಆಗದಿದ್ದರೆ ಚೆನ್ನಾಗಿತ್ತು.

ನಾನು ಓದಿದ್ದು ಸನ್ಯಾಸಿನಿಯರ ಶಾಲೆಯಲ್ಲಿ. ಮೂರನೆಯ ಕ್ಲಾಸಿನಲ್ಲಿ ಒಂದು ದಿನ ನನ್ನ ಟಿಫಿನ್ ಡಬ್ಬಿ ಗೇಟಿನ ಹತ್ತಿರ ಮೋರಿಗೆ ಬಿತ್ತು. ಅಳುತ್ತಾ ಹೋಗಿ ಸಿಸ್ಟರ್ ಕ್ಲಾರಾಗೆ ನನ್ನ ಅರೆಬರೆ ಇಂಗ್ಲಿಷಿನಲ್ಲಿ, ಡಬ್ಬಿ ಮೋರಿಗೆ ಬಿತ್ತು ಎಂದು ಹೇಳಿದೆ. ಅವರು ನನ್ನ ಕಣ್ಣೊರೆಸಿ, ತಮ್ಮ ಪಾಲಿನ ಬ್ರೆಡ್ಡು ಕೊಟ್ಟು, ಬಹಳ ಮೃದುವಾಗಿ ಬುದ್ಧಿ ಹೇಳಿದರು: ಬಿತ್ತು ಎಂದರೆ ಸಾಕು ಮಗೂ, ಎಲ್ಲಿಗೆ ಬಿತ್ತು ಎಂದು ಒಳ್ಳೆಯ ಹುಡುಗಿಯರು ಹೇಳುವುದಿಲ್ಲ. ಬ್ರೆಡ್ಡಿನ ರುಚಿ ಮರೆತಿದೆ, ಬುದ್ಧಿಮಾತು ಅಂಟಿಕೊಂಡಿತು. ಅಲ್ಲಿಂದ ಮುಂದೆ ನನ್ನ ಬದುಕಿನಲ್ಲಿ ಎಷ್ಟೋ ವಸ್ತುಗಳು ಬಿದ್ದಿವೆ, ಎಲ್ಲಿಗೆ ಎಂದು ನಾನು ಹೇಳಿಲ್ಲ.

ಮದುವೆಯಾಗಿ ಬಂದ ಹೊಸತರಲ್ಲಿ ಕೈಕಾಲು ತೊಳೆಯುವ ಜಾಗ ಎಲ್ಲಿ ಎಂದು ಅತ್ತೆಯನ್ನು ಕೇಳಬೇಕಾಗಿತ್ತು. "ಅತ್ತೆ, ವಾಷಿಂಗ್… ಅದು… ನೀರಿನ ರೂಮು?" ಎಂದೆ. ಅವರು ಒರಳಿನಿಂದ ತಲೆ ಎತ್ತದೆಯೇ ಹೇಳಿದರು: "ಬಚ್ಚಲು ಅನ್ನೇ ತಾಯಿ. ಅದೇನು ಕಚ್ಚಲ್ಲ." ಒರಳಿನ ಗುಂಡು ಒಂದು ಸುತ್ತು ಹೆಚ್ಚಿಗೆ ನಕ್ಕಂತೆ ತಿರುಗಿತು. ನನ್ನ ಮುಖ ಕೆಂಪಾಗಿದ್ದು ಈಗಲೂ ನೆನಪಿದೆ. ಬಚ್ಚಲು ಎನ್ನಲು ನನಗೆ ಎರಡು ವರ್ಷ ಹಿಡಿಯಿತು. ಮೋರಿಯ ತನಕ ಇನ್ನೂ ಬಂದಿರಲಿಲ್ಲ.

ನವೆಂಬರಿನಲ್ಲಿ ಬೀದಿಯ ರಾಜ್ಯೋತ್ಸವಕ್ಕೆ ನಮ್ಮ ಶಾಸಕರು ಬಾವುಟ ಹಾರಿಸಲು ಬಂದರು. ಬೀದಿಯ ಗಂಡಸರು ಹೇಳಬೇಕಾದವರಿಗೆಲ್ಲ ಮೋರಿಯ ವಿಷಯ ಹೇಳಿ ಸಾಕಾಗಿದ್ದರು. ಈ ಸಲ ಹೆಂಗಸರೇ ಹೇಳೋಣ ಎಂದಾಯಿತು. ಯಾರು ಹೇಳಬೇಕು? "ವಿಮಲಮ್ಮ ಹೇಳ್ಲಿ, ಓದಿರೋರು" ಎಂದು ಪುಟ್ಟಲಕ್ಷ್ಮಮ್ಮನವರೇ ನನ್ನ ಬೆನ್ನಿಗೆ ಕೈಕೊಟ್ಟು ಮುಂದಕ್ಕೆ ತಳ್ಳಿದರು. ಮೈಕು ಕೈಗೆ ಬಂತು. ಕೆಂಪು ಹಳದಿ ಬಾವುಟ ಮೇಲೆ ಪಟಪಟ ಎನ್ನುತ್ತಿದೆ, ಮುಂದೆ ಇಡೀ ಬೀದಿ ಕೂತಿದೆ, ಶಾಸಕರು ಕೈಮುಗಿದುಕೊಂಡೇ, "ಹೇಳಮ್ಮ, ಏನು ನಿಮ್ಮ ಸಮಸ್ಯೆ?" ಎಂದು ಕೇಳುತ್ತಿದ್ದಾರೆ. ನೀವೇ ಹೇಳಿ, ರಾಜ್ಯೋತ್ಸವದ ದಿನ ಮೈಕಿನಲ್ಲಿ ಮೋರಿ ಎನ್ನುವುದೇ?

"ಮಾನ್ಯರೇ, ನಮ್ಮ ಬಡಾವಣೆಯ ಸೇತುವೆ ಶಿಥಿಲಾವಸ್ಥೆಯಲ್ಲಿದೆ" ಎಂದೆ.

ಶಿಥಿಲಾವಸ್ಥೆ ಎನ್ನುವ ಮಾತನ್ನು ನಾನು ಹೈಸ್ಕೂಲಿನ ಕನ್ನಡ ಪಂಡಿತರ ಬಾಯಲ್ಲಿ ಕೇಳಿದ್ದೆ. ಇಷ್ಟು ವರ್ಷ ಕಾದಿಟ್ಟಿದ್ದ ಬೆಳ್ಳಿ ಲೋಟ ನೆಂಟರಿಗೆ ತೆಗೆದ ಹಾಗೆ ಅದನ್ನು ಅವತ್ತು ಹೊರಗೆ ತೆಗೆದೆ. ಹಿಂದಿನಿಂದ ಪುಟ್ಟಲಕ್ಷ್ಮಮ್ಮನವರು ನನ್ನ ಸೊಂಟ ತಿವಿದು, "ಮೋರಿ ಅನ್ರೀ, ಮೋರಿ" ಎಂದು ಪಿಸುಗುಟ್ಟಿದರು. ನಾನು ಮೈಕಿಗೆ ಕೈ ಅಡ್ಡ ಹಿಡಿದು, "ಇರಿ, ಚೆನ್ನಾಗಿರಲ್ಲ" ಎಂದೆ. ಶಾಸಕರ ಜೊತೆಯವರು ನನ್ನ ಮಾತನ್ನು ಇದ್ದಂತೆಯೇ ಬರೆದುಕೊಂಡರು. "ಆಯ್ತಮ್ಮ, ಈ ಸಲ ಹೌಸಲ್ಲೇ ಕೇಳ್ತೀನಿ" ಎಂದರು ಶಾಸಕರು. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನನಗೆ ಎಂದು ತಿಳಿದು ಮನೆಗೆ ಬಂದೆ.

ಅವರು ಕೊಟ್ಟ ಮಾತು ಮರೆಯಲಿಲ್ಲ. ಅಧಿವೇಶನ ಶುರುವಾದಾಗ ನಮ್ಮ ಪ್ರಶ್ನೆ ಬರುವ ದಿನಕ್ಕೆ ಗ್ಯಾಲರಿಯ ಎರಡು ಪಾಸು ಕಳಿಸಿಕೊಟ್ಟರು. ಒಂದು ನನಗೆ, ಒಂದು ಪುಟ್ಟಲಕ್ಷ್ಮಮ್ಮನವರಿಗೆ.

ಪುಟ್ಟಲಕ್ಷ್ಮಮ್ಮನವರು ಹೊರಟಿದ್ದು ಮಗಳ ಮದುವೆಗೆ ಉಟ್ಟಿದ್ದ ಮೆಂತ್ಯದ ಬಣ್ಣದ ರೇಷ್ಮೆ ಸೀರೆಯಲ್ಲಿ, ಭುಜಕ್ಕೊಂದು ಪಿನ್ನು ಚುಚ್ಚಿಕೊಂಡು. ನಾನು ನೂಲಿನ ಸೀರೆ ಉಟ್ಟಿದ್ದೆ. "ಇದೇನ್ರೀ ಇಷ್ಟು ಗ್ರಾಂಡು?" ಎಂದರೆ, "ಅಲ್ಲಿ ಬಾಗಿಲ ಮೇಲೆ ದೇವರ ಕೆಲಸ ಅಂತ ಬರ್ದಿದಾರಂತಲ್ರೀ. ದೇವರ ಕೆಲಸಕ್ಕೆ ಹಿಂಗಲ್ದೆ ಹೆಂಗೆ ಹೋಗ್ತಾರೆ?" ಎಂದರು. ಸುಮ್ಮನೆ ಹೇಳಿದ್ದಲ್ಲ. ಎರಡು ಬಸ್ಸು ಬದಲಿಸಿ ವಿಧಾನಸೌಧದ ಮುಂದೆ ಇಳಿದಾಗ ಆ ಕಲ್ಲಿನ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡೇ ಹತ್ತಿದರು. ನಾನು ಆ ಕಡೆ ತಿರುಗಿ ಗುಮ್ಮಟ ನೋಡುತ್ತಿರುವವಳಂತೆ ನಿಂತೆ. ಅದು ಅಲ್ಲಿಗೆ ಬಂದ ಮೇಲಿನ ಮೊದಲ ನಾಚಿಕೆ. ಅದು ಯಾರಿಗಾಗಿ ಪಟ್ಟ ನಾಚಿಕೆ ಎಂದು ಈಗ ಕೇಳಿದರೆ ಉತ್ತರ ಕಷ್ಟ.

ಗ್ಯಾಲರಿಯ ಬಾಗಿಲಲ್ಲಿ ಬಿಳಿ ಸಮವಸ್ತ್ರದ ಕಾವಲಿನವರು ನನ್ನ ಕೈಚೀಲ, ಪುಟ್ಟಲಕ್ಷ್ಮಮ್ಮನವರ ಬುತ್ತಿಯ ಡಬ್ಬಿ ಎರಡನ್ನೂ ತೆಗೆದಿಟ್ಟುಕೊಂಡರು. ಹೆಣಿಗೆಯ ಕಡ್ಡಿಗಳನ್ನು ಕಂಡು ಹುಬ್ಬೇರಿಸಿದರು.

"ಕುಲಾವಿ ಸ್ವಾಮಿ, ಮೊಮ್ಮಗೂಗೆ. ಕೂತ್ಕಡೆ ನಾಲ್ಕು ಸಾಲು ಹಾಕ್ಕೊತೀನಿ."

"ಒಳಗೆ ಅದೆಲ್ಲ ಆಗಲ್ಲಮ್ಮ. ಮಾತಾಡಂಗಿಲ್ಲ, ಎದ್ದು ನಿಲ್ಲಂಗಿಲ್ಲ, ಚಪ್ಪಾಳೆ ತಟ್ಟಂಗಿಲ್ಲ, ಕಾಲ್ ಮೇಲೆ ಕಾಲ್ ಹಾಕಂಗಿಲ್ಲ, ತೂಕಡಿಸಂಗಿಲ್ಲ."

"ಉಸಿರಾಡ್ಬೋದಾ?"

"ಮೆಲ್ಲಗೆ" ಎಂದರು ಅವರು, ನಗದೆ.

ನನಗೆ ಆ ನಿಯಮಗಳು ಬಹಳ ಹಿಡಿಸಿದವು. ತವರುಮನೆಗೆ ಬಂದ ಹಾಗಾಯಿತು. ಬೆನ್ನು ನೆಟ್ಟಗೆ, ಮಂಡಿ ಎರಡೂ ಜೋಡಿಸಿ, ಕೈಗಳನ್ನು ತೊಡೆಯ ಮೇಲೆ ಒಂದರ ಮೇಲೊಂದು ಇಟ್ಟು ಕೂತೆ. ಸಭಾಧ್ಯಕ್ಷರು ಒಳಗೆ ಬಂದಾಗ ಕೆಳಗೆ ಎಲ್ಲರೂ ಎದ್ದು ನಿಂತರು. ನನ್ನ ಬಾಯಿಗೆ ಗುಡ್ ಮಾರ್ನಿಂಗ್ ಬಂದೇಬಿಟ್ಟಿತ್ತು, ನುಂಗಿಕೊಂಡೆ.

ಪ್ರಶ್ನೋತ್ತರ ವೇಳೆ ಎಂದರೆ ಒಬ್ಬರು ಪ್ರಶ್ನೆ ಕೇಳುತ್ತಾರೆ, ಇನ್ನೊಬ್ಬರು ಉತ್ತರ ಹೇಳುತ್ತಾರೆ ಎಂದು ನಾವು ತಿಳಿದಿದ್ದೆವು. ಹಾಗೇನೂ ಇರಲಿಲ್ಲ. ಹೆಸರು ಕರೆದಾಗ ಸದಸ್ಯರು ಎದ್ದು ಪ್ರಶ್ನೆಯ ನಂಬರನ್ನಷ್ಟೇ ಹೇಳುತ್ತಿದ್ದರು. ಮಂತ್ರಿಗಳು ಎದ್ದು "ಉತ್ತರ ಒದಗಿಸಿದೆ" ಎನ್ನುತ್ತಿದ್ದರು. ಪ್ರಶ್ನೆ ಉತ್ತರ ಎರಡೂ ಮೊದಲೇ ಅಚ್ಚಾಗಿ ಅವರವರ ಕೈಯಲ್ಲಿ ಇರುತ್ತಿದ್ದವಂತೆ. ಪುಟ್ಟಲಕ್ಷ್ಮಮ್ಮನವರು ಸ್ವಲ್ಪ ಹೊತ್ತು ಕೇಳಿ, ನನ್ನ ಕಿವಿಯ ಹತ್ತಿರ, "ಮಗ್ಗಿ ಒಪ್ಪಿಸ್ತಾ ಇದಾರಾ?" ಎಂದರು. ಕಾವಲಿನವರು ತಿರುಗಿ ನೋಡಿದರು. ನಾನು ಇನ್ನಷ್ಟು ನೆಟ್ಟಗಾದೆ.

ಕೆಳಗೆ ಒಬ್ಬ ಸದಸ್ಯರು ಬಾಯಿಗೆ ಕರವಸ್ತ್ರ ಹಿಡಿದು ಆಕಳಿಸುತ್ತಿದ್ದರು. ಇನ್ನೊಬ್ಬರು ಬೂಟು ಬಿಚ್ಚಿ, ಒಂದು ಕಾಲಿನ ಹೆಬ್ಬೆರಳಿನಿಂದ ಇನ್ನೊಂದು ಕಾಲನ್ನು ತುರಿಸಿಕೊಳ್ಳುತ್ತಿದ್ದರು. ಅವರ ಕಾಲ್ಚೀಲದ ಹಿಮ್ಮಡಿಯಲ್ಲಿ ತೂತು. ಯಾರ ಮನೆಯಲ್ಲಿ ಇದನ್ನು ಹೊಲಿಯುವವರಿಲ್ಲವೋ ಎಂದುಕೊಳ್ಳುತ್ತಿದ್ದಾಗಲೇ ನಮ್ಮ ಶಾಸಕರು ಎದ್ದು ನಿಂತದ್ದು.

ಅವರು ನಂಬರು ಹೇಳಿದರು. ಮಂತ್ರಿಗಳು ಉತ್ತರ ಒದಗಿಸಿದೆ ಎಂದರು. ನಮ್ಮ ಶಾಸಕರು ಕೈಯಲ್ಲಿದ್ದ ಹಾಳೆ ನೋಡಿ, ಹುಬ್ಬು ಗಂಟಿಕ್ಕಿ ಮಾತಾಡಿದರು. "ಮಾನ್ಯ ಸಭಾಧ್ಯಕ್ಷರೇ, ಸೇತುವೆ ಶಿಥಿಲವಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ ಅಂತ ಕೇಳಿದ್ದೆ. ಬಂದಿಲ್ಲ ಅಂದಿದ್ದಾರೆ. ಹಾಗಿದ್ದಲ್ಲಿ ದುರಸ್ತಿ ಯಾವಾಗ ಅಂತ ಕೇಳಿದ್ದಕ್ಕೆ, ಉದ್ಭವಿಸುವುದಿಲ್ಲ ಅಂದಿದ್ದಾರೆ. ಇದೇನು ಸ್ವಾಮಿ? ಅಲ್ಲಿಯ ಹೆಣ್ಣುಮಕ್ಕಳು ನನ್ನ ಮುಂದೆಯೇ ಹೇಳಿದ್ದಾರೆ."

ಉದ್ಭವಿಸುವುದಿಲ್ಲ. ನನಗೆ ಉದ್ಭವ ಎನ್ನುವುದು ಗೊತ್ತಿದ್ದದ್ದು ಉದ್ಭವ ಗಣಪತಿಯಿಂದ ಮಾತ್ರ. ಸೇತುವೆ ತಾನಾಗಿ ನೆಲದಿಂದ ಎದ್ದು ಬರುವುದಿಲ್ಲ ಎಂದು ಮಂತ್ರಿಗಳು ಹೇಳಿದರೇನೋ ಎಂದುಕೊಂಡೆ. ಅದು ಎಲ್ಲರಿಗೂ ಗೊತ್ತಿರುವುದೇ, ಅದಕ್ಕೇ ತಾನೆ ಇವರನ್ನು ಕೇಳಿದ್ದು ಎಂದು ಒಂದು ಕ್ಷಣ ಸಿಟ್ಟೂ ಬಂತು.

ಮಂತ್ರಿಗಳು ಎದ್ದರು. ಜಗಳಗಂಟರಂತೆ ಕಾಣಲಿಲ್ಲ. ಕನ್ನಡಕ ಒರೆಸಿಕೊಳ್ಳುತ್ತಾ ಸಾವಧಾನವಾಗಿ ಹೇಳಿದರು: "ನಮ್ಮ ಇಂಜಿನಿಯರು ಸ್ಥಳಕ್ಕೇ ಹೋಗಿ ನೋಡಿ ಬಂದಿದ್ದಾರೆ. ಆ ಜಾಗದಲ್ಲಿ ಸೇತುವೆ ಅನ್ನೋದೇ ಇಲ್ಲ. ಇಲ್ಲದ್ದು ಶಿಥಿಲ ಆಗೋದು ಹೇಗೆ? ಅದಕ್ಕೇ ದುರಸ್ತಿಯ ಪ್ರಶ್ನೆ ಹುಟ್ಟೋದಿಲ್ಲ ಅಂದಿದ್ದೇವೆ."

ಆಚೆ ಬೆಂಚಿನಿಂದ ಯಾರೋ, "ಹೊಳೆ ಇಲ್ಲದ ಊರಲ್ಲಿ ಸೇತುವೆ ಕೇಳಿದ್ದಾರೆ, ನಾಳೆ ದೋಣಿ ಕೇಳ್ತಾರೆ" ಎಂದರು. ಸದನವೆಲ್ಲ ನಕ್ಕಿತು. ಆಕಳಿಸುತ್ತಿದ್ದವರೂ ನಕ್ಕರು. ಮಂತ್ರಿಗಳು ನಗು ಮುಗಿಯಲಿ ಎಂದು ಕಾದು, "ಅಲ್ಲಿ ಒಂದು ಮೋರಿ ಇದೆ, ನಿಜ. ಮೋರಿಯ ಬಗ್ಗೆ ಮಾನ್ಯ ಸದಸ್ಯರು ಕೇಳಿಲ್ಲ. ಸೇತುವೆಯಾದರೆ ನನ್ನ ಇಲಾಖೆ, ಮೋರಿಯಾದರೆ ಬೇರೆ ಇಲಾಖೆ. ಪ್ರತ್ಯೇಕ ಪ್ರಶ್ನೆ ಕೇಳಿದರೆ ಅವರು ಉತ್ತರ ಕೊಡುತ್ತಾರೆ" ಎಂದು ಕೂತರು.

ನಮ್ಮ ಶಾಸಕರು ತಲೆ ಎತ್ತಿ ಗ್ಯಾಲರಿಯ ಕಡೆ ನೋಡಿದರು. ಸಿಟ್ಟಿನಿಂದಲ್ಲ. ಡಿಕ್ಟೇಷನ್ನಿನಲ್ಲಿ ತಪ್ಪು ಬರೆದ ಹುಡುಗ, ಹೇಳಿಕೊಟ್ಟ ಪಕ್ಕದವನನ್ನು ನೋಡುವ ಹಾಗೆ.

ಪಕ್ಕದಲ್ಲಿ ರೇಷ್ಮೆ ಸರಕ್ಕೆಂದಿತು. ಪುಟ್ಟಲಕ್ಷ್ಮಮ್ಮನವರು ಅರ್ಧ ಎದ್ದಿದ್ದರು. ಎದುರಿನ ಕಟಕಟೆಗೆ ಕೈಯಿಟ್ಟು, ಬಾಯಿ ತೆರೆದಿದ್ದರು. ಆ ಬಾಯಿಂದ ಏನು ಬರಲಿದೆ ಎನ್ನುವುದು ನನಗೆ ಗೊತ್ತಿತ್ತು. "ಮೋ" ಎನ್ನುವಷ್ಟು ಬಂದೂಬಿಟ್ಟಿತ್ತು. ನಾನು ಅವರ ಸೆರಗು ಹಿಡಿದು ಎಳೆದು ಕೂರಿಸಿದೆ.

ಯೋಚಿಸಿ ಮಾಡಿದ್ದಲ್ಲ. ಎದ್ದು ನಿಲ್ಲಂಗಿಲ್ಲ, ಮಾತಾಡಂಗಿಲ್ಲ ಎಂದಿದ್ದರು. ನನ್ನ ಕೈ ತಾನಾಗಿ ಹೋಯಿತು. ಪಿನ್ನು ಚುಚ್ಚಿದ್ದ ಕಡೆ ರೇಷ್ಮೆ ಪರ್ರನೆ ಹರಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಕಾವಲಿನವರು ಮೆಚ್ಚುಗೆಯಿಂದ ನನ್ನತ್ತ ತಲೆಯಾಡಿಸಿದರು. ಕೆಳಗೆ ಮುಂದಿನ ಪ್ರಶ್ನೆಯ ನಂಬರು ಕರೆದರು.

ಅವರು ಕೂಗಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ನಮ್ಮನ್ನು ಹೊರಗೆ ಕಳಿಸುತ್ತಿದ್ದರು, ಅಷ್ಟೆ. ನಮ್ಮ ಯಜಮಾನರೂ ಆಮೇಲೆ ಹಾಗೆಯೇ ಸಮಾಧಾನ ಹೇಳಿದರು. ಇರಬಹುದು. ಆದರೂ ಇಷ್ಟು ವರ್ಷಗಳ ಮೇಲೆ ಟೀವಿಯಲ್ಲಿ ಅಧಿವೇಶನ ತೋರಿಸಿದಾಗ, ಯಾರಾದರೂ ಎದ್ದು ಬಾಯಿ ತೆರೆದರೆ ಸಾಕು, ನನ್ನ ಬಲಗೈ ಸೋಫಾದ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿರುತ್ತದೆ. ಆ ಮೋರಿಗೆ ಮುಂದೆ ಹೊಸ ಚಪ್ಪಡಿಯೂ ಬಂತು. ಯಾರೂ ಕೇಳದ ಒಂದು ದಿನ ಲಾರಿಯಲ್ಲಿ ಬಂದು ಹಾಸಿ ಹೋದರು. ಆ ಹೊತ್ತಿಗೆ ಗೀತಾಳ ಮಗುವಿಗೆ ಹಲ್ಲು ಬಂದು ಕಡಿಯುತ್ತಿತ್ತು.

ಹಿಂತಿರುಗುವ ಬಸ್ಸು ಹತ್ತಿದೆವು. ಪುಟ್ಟಲಕ್ಷ್ಮಮ್ಮನವರು ಹರಿದ ಜಾಗ ಕಾಣದ ಹಾಗೆ ಸೆರಗನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಬಾಗಿಲಲ್ಲಿ ಮರಳಿ ಪಡೆದ ಹೆಣಿಗೆ ಕೈಯಲ್ಲೇ ಇತ್ತು, ಹೆಣೆಯುತ್ತಿರಲಿಲ್ಲ. ಮೆಜೆಸ್ಟಿಕ್ಕಿನಲ್ಲಿ ಎರಡನೆಯ ಬಸ್ಸು ಹತ್ತಿದ ಮೇಲೆ ನಾನು ಧೈರ್ಯ ಮಾಡಿದೆ. ಬಾಯಿಗೆ ಬಂದದ್ದು ಇಂಗ್ಲಿಷೇ.

"ಸಾರಿ, ಪುಟ್ಟಲಕ್ಷ್ಮಮ್ಮನೋರೆ."

"ಸೀರೆನಾ? ಬಿಡ್ರೀ, ರಫ್ಫು ಹಾಕಿಸ್ತೀನಿ. ಪಿನ್ನು ಹಾಕ್ಕೊಂಡಿದ್ದೇ ತಪ್ಪು."

ಅಲ್ಲ, ಸೀರೆಯಲ್ಲ ಎಂದು ಬಿಡಿಸಿ ಹೇಳಬೇಕಾಗಿತ್ತು. ಹೇಳಲು ಹೋದರೆ ಮತ್ತೆ ಆ ಮಾತಿನ ಹತ್ತಿರವೇ ಹೋಗಬೇಕಾಗುತ್ತಿತ್ತು. ಇಳಿಯುವ ಸ್ಟಾಪು ಹತ್ತಿರ ಬಂದಾಗ ಅವರೇ ಕಿಟಕಿಯ ಕಡೆ ನೋಡುತ್ತಾ ಹೇಳಿದರು:

"ಗೀತಾ ಅಲ್ಲೇ ಇರ್ಲಿ ಬಿಡಿ. ಬೀಗಿತ್ತಿಗೆ ಹೇಳಿ ಕಳಿಸ್ತೀನಿ. ನಾನೇ ದಿನಾ ಹೋಗಿ ನೀರು ಹಾಕ್ಬಂದ್ರಾಯ್ತು. ಏನು, ರಾಜಾಜಿನಗರ ದೂರಾನಾ?"

ದೂರವಲ್ಲ. ಆದರೆ ಬೇರೆಯವರ ಒಲೆಯಲ್ಲಿ ನೀರು ಕಾಯಿಸಿ, ಬೇರೆಯವರ ಬಚ್ಚಲಲ್ಲಿ ಮಗಳಿಗೆ ಎರೆದು, ಸಂಜೆ ಬರಿಗೈ ಬೀಸಿಕೊಂಡು ಬಸ್ಸು ಹತ್ತಿ ಬರುವ ಬಾಣಂತನ ಎಂಥದ್ದು ಎನ್ನುವುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮೋರಿಯನ್ನು ಅವರು ಮೊದಲು ದಾಟಿದರು, ಆಮೇಲೆ ಹಿಂತಿರುಗಿ ನನಗೆ ಕೈ ಕೊಟ್ಟರು. ಯಾವಾಗಲೂ ಕೊಡುತ್ತಿದ್ದರು.

ಸಂಜೆ ಬೇಳೆ ಸಾರಿಗೆ ಒಗ್ಗರಣೆ ಹಾಕಿ, ಒಣಗಿದ ಬಟ್ಟೆ ತೆಗೆಯಲು ಹೊರಗೆ ಬಂದೆ. ಕಾಂಪೌಂಡಿನ ಆಚೆ ಬೀದಿ ನಲ್ಲಿಯಲ್ಲಿ ಕೊಡ ತುಂಬುವ ಸದ್ದು. ಮೂಲೆಮನೆಯ ನಾಗರತ್ನ ಯಾರನ್ನೋ ವಿಚಾರಿಸುತ್ತಿದ್ದಳು: "ಏನಾಯ್ತು ವಿಧಾನಸೌಧದಲ್ಲಿ? ಮಾಡಿಕೊಡ್ತಾರಂತಾ?"

"ಎಲ್ಲಿ? ಸೇತುವೆ ಇಲ್ಲ, ಮೋರಿ ಕೇಳಿಲ್ಲ ಅಂದ್ಬಿಟ್ರು." ಪುಟ್ಟಲಕ್ಷ್ಮಮ್ಮನವರ ದನಿ.

"ಅಯ್ಯೋ, ಮೈಕಲ್ಲಿ ಆವತ್ತು ಅವರು ಮೋರಿ ಅಂತಲೇ ಹೇಳಬಾರದಿತ್ತಾ? ಅಷ್ಟೂ ಗೊತ್ತಾಗಲ್ವಾ?"

ನನ್ನ ಕೈಯಲ್ಲಿ ದಿಂಬಿನ ಕವರು ಇತ್ತು. ಅದನ್ನು ಹಿಡಿದುಕೊಂಡೇ ಗೋಡೆಯ ಈ ಕಡೆ ನಿಂತೆ. ಬಿಂದಿಗೆ ಸೊಂಟಕ್ಕೇರಿದ ಸದ್ದಾಯಿತು. ಹೋಗುತ್ತಾ ಹೋಗುತ್ತಾ, ಹೊತ್ತಾಯಿತು ಎನ್ನುವಷ್ಟು ಹಗುರವಾಗಿ ಪುಟ್ಟಲಕ್ಷ್ಮಮ್ಮನವರು ಹೇಳಿದರು:

"ಅವರನ್ನ ಏನೂ ಅನ್ಬೇಡ ಕಣೇ. ಕಾನ್ವೆಂಟಲ್ಲಿ ಓದಿರೋರು, ಪಾಪ. ಅವರಿಗೆ ಮೋರಿ ಅನ್ನೋಕೆ ಬಾಯಿ ತಿರುಗಲ್ಲ."